ಆಕಾಶದ ದೂರ, ನೆಲದ ದೂರ

ಕಲಬುರಗಿ ವಿಮಾನ ನಿಲ್ದಾಣದಿಂದ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ ಭೂಪಟದಲ್ಲಿ ನೇರ ಗೆರೆಯೊಂದನ್ನು ಎಳೆದೆನು. ಅದು ಹೆಚ್ಚುಕಡಿಮೆ ನಮ್ಮ ಸಿಂಧನೂರಿನ ನೆತ್ತಿಯ ಮೇಲೆಯೇ ಹಾಯುತ್ತದೆ. ಮಸ್ಕಿ, ಲಿಂಗಸೂಗೂರುಗಳು ಪಶ್ಚಿಮಕ್ಕೆ ಉಳಿಯುತ್ತವೆ.

ಗೆರೆಯ ಉದ್ದವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಎರಡು ನಿಲ್ದಾಣಗಳ ಅಕ್ಷಾಂಶಗಳ ಅಂತರ 2.13 ಡಿಗ್ರಿ. ಡಿಗ್ರಿಗೆ ಸುಮಾರು 111 ಕಿ.ಮೀ. ಹಿಡಿದರೆ 236 ಕಿ.ಮೀ. ಆಗುತ್ತದೆ. ಪೂರ್ವ-ಪಶ್ಚಿಮವಾಗಿರುವ 35 ಕಿ.ಮೀ. ಅಂತರವನ್ನು ಪೈಥಾಗೊರಸನ ಸೂತ್ರದಂತೆ ಕೂಡಿಸಿಕೊಂಡರೆ ಒಟ್ಟು ಸುಮಾರು 240. ಗಂಟೆಗೆ 500 ಕಿ.ಮೀ. ಸಾಗುವ ಎ.ಟಿ.ಆರ್. ವಿಮಾನವೊಂದು ನೇರವಾಗಿ ಹಾರಿದರೆ ಇದು ಅರ್ಧ ಗಂಟೆಯ ದಾರಿ. ಏರುವ, ಇಳಿಯುವ ವೇಳೆಯೂ ಸೇರಿ ಮುಕ್ಕಾಲು ಗಂಟೆ.

2019ರ ನವೆಂಬರ್ 22ರಂದು ಕಲಬುರಗಿ ನಿಲ್ದಾಣ ಆರಂಭವಾಗಿ ನಮ್ಮ ಸೀಮೆಗೆ ಆಕಾಶವು ಹತ್ತಿರವಾಯಿತು. ಆದರೆ ಪ್ರಯಾಣದ ಕಾಲವನ್ನು ಮನೆಯ ಹೊಸ್ತಿಲಿನಿಂದ ಎಣಿಸಬೇಕಷ್ಟೆ? ಲಿಂಗಸೂಗೂರಿನವರು ಬಸ್ಸಿನಲ್ಲಿ ಮಸ್ಕಿಯ ಮೇಲೆ ಸಿಂಧನೂರು ಮುಟ್ಟುವುದಕ್ಕೇ ಗಂಟೆ ಮೀರುತ್ತದೆ. ಮುಂದೆ ವಿದ್ಯಾನಗರವು ನೇರ ಗೆರೆಯಲ್ಲಿ 65 ಕಿ.ಮೀ.ಯಷ್ಟೇ, ಆದರೆ ನಡುವೆ ತುಂಗಭದ್ರೆಯಿದ್ದಾಳೆ, ಸೇತುವೆಯಿದ್ದಲ್ಲಿಗೆ ರಸ್ತೆ ಬಳಸಲೇಬೇಕು. ಹೈದರಾಬಾದಿನ ಆಸ್ಪತ್ರೆಗೆ ಹೊರಟ ರೋಗಿಗೂ, ಬೆಂಗಳೂರಿನ ಸಂದರ್ಶನಕ್ಕೆ ಹೊರಟ ಪದವೀಧರನಿಗೂ ದೊಡ್ಡ ದೂರವೆಂದರೆ ಇದೇ. ವಿಮಾನದ ವೇಗವು ನಮಗೂ ದಕ್ಕಬೇಕಾದರೆ ಮೊದಲು ನೆಲದ ದಾರಿ ಸುಗಮವಾಗಬೇಕು.