ಕಿಡ್ನಿ ಸೊರಗಿದರೆ ಮೂಳೆ ಯಾಕೆ ಸವೆಯುತ್ತೆ?

ಕಿಡ್ನಿ ತೊಂದರೆ ಇರೋರಿಗೆ ಡಾಕ್ಟರು 'ಪಿಟಿಎಚ್' ಅಂತ ಒಂದು ರಕ್ತಪರೀಕ್ಷೆ ಬರೀತಾರೆ. ಯಾಕೆ ಗೊತ್ತಾ?

ಬಿಸಿಲಿಗೆ ಚರ್ಮದಲ್ಲಿ ತಯಾರಾಗೋ ವಿಟಮಿನ್ ಡಿ ಹಾಗೇ ಕೆಲಸಕ್ಕೆ ಬರಲ್ಲ. ಮೊದಲು ಲಿವರ್‌ನಲ್ಲಿ, ಆಮೇಲೆ ಕಿಡ್ನಿಯಲ್ಲಿ ಬದಲಾಗಿ 'ಕ್ಯಾಲ್ಸಿಟ್ರಿಯಾಲ್' ಆಗ್ಬೇಕು. ಆಗಲೇ ಕರುಳು ಊಟದಲ್ಲಿರೋ ಕ್ಯಾಲ್ಸಿಯಂ ಚೆನ್ನಾಗಿ ಹೀರಿಕೊಳ್ಳೋದು.

ಕಿಡ್ನಿ ಸೊರಗಿದಾಗ ಕ್ಯಾಲ್ಸಿಟ್ರಿಯಾಲ್ ಕಡಿಮೆಯಾಗುತ್ತೆ. ಹೊರಗೆ ಹೋಗಬೇಕಾದ ಫಾಸ್ಫೇಟ್ ಒಳಗೇ ಉಳಿಯುತ್ತೆ. ಇವೆರಡರಿಂದ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುತ್ತೆ.

ಕತ್ತಿನಲ್ಲಿ, ಥೈರಾಯ್ಡ್ ಹಿಂದೆ, ಅಕ್ಕಿಕಾಳಿನಷ್ಟು ಚಿಕ್ಕ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದ ಕೂಡಲೇ ಅವು ಪಿಟಿಎಚ್ ಹಾರ್ಮೋನ್ ಬಿಡ್ತವೆ. ಅದು ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಸೇರಿಸುತ್ತೆ. ವರ್ಷಗಟ್ಟಲೆ ಹೀಗೇ ನಡೆದರೆ ಮೂಳೆ ಸಣ್ಣ ಪೆಟ್ಟಿಗೂ ಮುರಿಯಬಹುದು. ರಕ್ತನಾಳಗಳಲ್ಲೂ ಕ್ಯಾಲ್ಸಿಯಂ ಕಟ್ಟಿಕೊಳ್ಳಬಹುದು. ಶುರುವಿನಲ್ಲಿ ನೋವೇ ಇರಲ್ಲ, ಅದಕ್ಕೇ ಪರೀಕ್ಷೆ ಬೇಕು.

ನಿಮ್ಮ ರಿಪೋರ್ಟಲ್ಲಿ ಇಜಿಎಫ್‌ಆರ್ (ಕಿಡ್ನಿ ರಕ್ತವನ್ನ ಎಷ್ಟು ಚೆನ್ನಾಗಿ ಸೋಸುತ್ತೆ ಅನ್ನೋ ಅಳತೆ) 60ಕ್ಕಿಂತ ಕಡಿಮೆ ಇದೆಯಾ? ಕ್ಯಾಲ್ಸಿಯಂ, ಫಾಸ್ಫೇಟ್, ಪಿಟಿಎಚ್, ವಿಟಮಿನ್ ಡಿ ಬಗ್ಗೆ ಡಾಕ್ಟರನ್ನ ಕೇಳಿ. ಮೆಡಿಕಲ್ ಶಾಪಿಂದ 60,000 ಯೂನಿಟ್ ವಿಟಮಿನ್ ಡಿ ಮಾತ್ರೆ ತಂದು ನೀವೇ ನುಂಗ್ಬೇಡಿ. ವಿಟಮಿನ್ ಡಿ ಅತಿಯಾದರೆ ಕ್ಯಾಲ್ಸಿಯಂ ಏರಿ ಕಿಡ್ನಿಗೇ ಮತ್ತಷ್ಟು ಪೆಟ್ಟು. ಕೋಲಾ, ಸಂಸ್ಕರಿಸಿದ ಮಾಂಸ ಕಡಿಮೆ ಮಾಡಿ. ಅವುಗಳಿಗೆ ಬೆರೆಸಿರೋ ಫಾಸ್ಫೇಟ್ ಸುಲಭವಾಗಿ ರಕ್ತ ಸೇರುತ್ತೆ.

ಕಿಡ್ನಿ ರೋಗ ಇರೋ ಹಿರಿಯರು ಮನೆಯಲ್ಲಿದ್ದರೆ, ಅವರ ರಿಪೋರ್ಟ್ ಇವತ್ತೇ ತೆಗೆದು ನೋಡಿ.