ಅಣುಗಳ ಢಿಕ್ಕಿಯನ್ನು ನೋಡುವುದು ಹೇಗೆ?

ಅಣುಗಳು ಒಂದಕ್ಕೊಂದು ಢಿಕ್ಕಿ ಹೊಡೆದಾಗ ರಾಸಾಯನಿಕ ಕ್ರಿಯೆ ನಡೆಯುತ್ತದೆ ಎಂದು ತರಗತಿಯಲ್ಲಿ ಕಲಿಯುತ್ತೇವೆ. ಆ ಢಿಕ್ಕಿಯನ್ನೇ ಪರೀಕ್ಷಿಸಲು ಸಾಧ್ಯವೇ? ಸಾಮಾನ್ಯ ಒತ್ತಡದ ಗಾಳಿಯಲ್ಲಿ ಪ್ರತಿ ಅಣುವೂ ಸೆಕೆಂಡಿಗೆ ನೂರಾರು ಕೋಟಿ ಬಾರಿ ಢಿಕ್ಕಿ ಹೊಡೆಯುತ್ತದೆ. ಹೊಸದಾಗಿ ಹುಟ್ಟಿದ ಅಣು ಯಾವ ದಿಕ್ಕಿನಲ್ಲಿ, ಎಷ್ಟು ವೇಗವಾಗಿ ಹೊರಟಿತೆಂಬ ಗುರುತು ಮುಂದಿನ ಕೆಲವು ಢಿಕ್ಕಿಗಳಲ್ಲೇ ಅಳಿಸಿಹೋಗುತ್ತದೆ. ನಮಗೆ ದೊರೆಯುವುದು ಸರಾಸರಿ ಮಾತ್ರ.

ಇದಕ್ಕೆ ಪರಿಹಾರ ನಿರ್ವಾತ. ಒತ್ತಡವನ್ನು ವಾಯುಮಂಡಲದ ನೂರು ಕೋಟಿಯಲ್ಲಿ ಒಂದು ಪಾಲಿಗೆ ಇಳಿಸಿದರೆ, ಅಣುವೊಂದು ಹತ್ತಾರು ಮೀಟರ್ ದೂರ ತಡೆಯಿಲ್ಲದೆ ಸಾಗಬಲ್ಲದು. ಇಂಥ ಕೋಶದಲ್ಲಿ ಎರಡು ಅನಿಲಗಳನ್ನು ಸಣ್ಣ ರಂಧ್ರಗಳ ಮೂಲಕ ತೆಳುವಾದ ಪುಂಜಗಳಾಗಿ ಹಾಯಿಸಿ, ಒಂದನ್ನೊಂದು ಅಡ್ಡಹಾಯುವಂತೆ ಮಾಡುತ್ತಾರೆ. ಅಲ್ಲಿ ಅಣುಗಳು ಹೆಚ್ಚೆಂದರೆ ಒಮ್ಮೆ ಢಿಕ್ಕಿ ಹೊಡೆದು ಚದರುತ್ತವೆ.

ಚದರಿದ ದಿಕ್ಕು ಬಹಳಷ್ಟನ್ನು ಹೇಳುತ್ತದೆ. ಪೊಟ್ಯಾಸಿಯಂ ಪರಮಾಣು ಮೀಥೈಲ್ ಅಯೊಡೈಡ್ ಅಣುವಿಗೆ ಬಡಿದಾಗ ಉಂಟಾಗುವ ಪೊಟ್ಯಾಸಿಯಂ ಅಯೊಡೈಡ್, ದ್ರವ್ಯಕೇಂದ್ರದಿಂದ ನೋಡಿದರೆ, ಪೊಟ್ಯಾಸಿಯಂ ಬಂದ ದಿಕ್ಕಿಗೇ ಪುಟಿಯುತ್ತದೆ. ಅಂದರೆ ಇಲ್ಲಿ ನೇರ ಢಿಕ್ಕಿ ಅಗತ್ಯ. ಬ್ರೋಮಿನ್ ಅಣುವಿನೊಡನೆ ಹಾಗಲ್ಲ. ದೂರದಲ್ಲಿರುವಾಗಲೇ ಪೊಟ್ಯಾಸಿಯಂನ ಎಲೆಕ್ಟ್ರಾನು ಬ್ರೋಮಿನ್ ಕಡೆಗೆ ಜಿಗಿಯುತ್ತದೆ. ಪೊಟ್ಯಾಸಿಯಂ ಒಂದು ಬ್ರೋಮಿನ್ ಪರಮಾಣುವನ್ನು ಸೆಳೆದುಕೊಂಡು ಮುಂದೆ ಸಾಗುತ್ತದೆ. ಸಮೀಕರಣಗಳು ಒಂದೇ ಬಗೆಯವು, ಕ್ರಿಯೆ ನಡೆಯುವ ರೀತಿ ಬೇರೆ. ಇಂಥ ಅಧ್ಯಯನಗಳಿಗಾಗಿ ಡಡ್ಲಿ ಹರ್ಷ್‌ಬಾಕ್ ಮತ್ತು ಯುವಾನ್ ಲೀ ಅವರು ಜಾನ್ ಪೊಲಾನಿಯವರೊಡನೆ 1986ರ ರಸಾಯನ ವಿಜ್ಞಾನದ ನೊಬೆಲ್ ಬಹುಮಾನ ಹಂಚಿಕೊಂಡರು.

ಆದರೆ ಆ ಉಪಕರಣಗಳಲ್ಲಿ ಶೋಧಕವನ್ನು ಒಂದೊಂದೇ ಕೋನಕ್ಕೆ ತಿರುಗಿಸಿ ಅಳೆಯಬೇಕಿತ್ತು. ಎಲ್ಲ ದಿಕ್ಕುಗಳನ್ನೂ ಒಂದೇ ಚಿತ್ರದಲ್ಲಿ ಹಿಡಿಯುವ 'ಅಯಾನು ಚಿತ್ರಣ' ವಿಧಾನವನ್ನು 1987ರಲ್ಲಿ ಡೇವಿಡ್ ಚಾಂಡ್ಲರ್ ಮತ್ತು ಪಾಲ್ ಹ್ಯೂಸ್ಟನ್ ತೋರಿಸಿಕೊಟ್ಟರು. ಅವರು ಮೊದಲು ಚಿತ್ರಿಸಿದ್ದು ಲೇಸರ್ ಬೆಳಕಿನಿಂದ ಒಡೆದ ಮೀಥೈಲ್ ಅಯೊಡೈಡ್‌ನ ಚೂರುಗಳನ್ನು. ಅನಂತರ ಇದನ್ನು ಅಡ್ಡಹಾಯುವ ಪುಂಜಗಳಿಗೂ ಅಳವಡಿಸಲಾಯಿತು.

ವಿಧಾನ ಹೀಗಿದೆ: ಢಿಕ್ಕಿಯ ನಂತರ ಚದರುತ್ತಿರುವ ಅಣುಗಳಿಂದ ಲೇಸರ್ ಮಿಡಿತವೊಂದು ಎಲೆಕ್ಟ್ರಾನನ್ನು ಕಿತ್ತು ಅಯಾನುಗಳನ್ನಾಗಿ ಮಾಡುತ್ತದೆ. ಲೇಸರಿನ ತರಂಗದೂರವನ್ನು ಸರಿಯಾಗಿ ಆರಿಸಿದರೆ, ನಿರ್ದಿಷ್ಟ ಕಂಪನ ಮತ್ತು ಆವರ್ತನ ಸ್ಥಿತಿಯಲ್ಲಿರುವ ಅಣುಗಳು ಮಾತ್ರ ಅಯಾನುಗಳಾಗುತ್ತವೆ. ವಿದ್ಯುತ್ ಕ್ಷೇತ್ರವು ಅವನ್ನು ಶೋಧಕದತ್ತ ತಳ್ಳುತ್ತದೆ. ಸಾಗುವಾಗಲೂ ಅವು ತಮ್ಮ ಮೂಲ ವೇಗದಿಂದ ಗೋಳಾಕಾರದಲ್ಲಿ ಹರಡುತ್ತಿರುತ್ತವೆ. ಶೋಧಕಕ್ಕೆ ಬಡಿದ ಪ್ರತಿ ಅಯಾನೂ ಪರದೆಯ ಮೇಲೆ ಬೆಳಕಿನ ಚುಕ್ಕೆ ಮೂಡಿಸುತ್ತದೆ. ಕ್ಯಾಮರಾ ಸಾವಿರಾರು ಚುಕ್ಕೆಗಳನ್ನು ಕೂಡಿಸಿ ಉಂಗುರದಂಥ ಚಿತ್ರ ನೀಡುತ್ತದೆ.

ಲೆಕ್ಕ ಸರಳ. ಉಂಗುರದ ತ್ರಿಜ್ಯ 1 ಸೆಂ.ಮೀ., ಅಯಾನು ಸಾಗಿದ ಕಾಲ 10 ಮೈಕ್ರೊಸೆಕೆಂಡ್ ಎಂದುಕೊಳ್ಳೋಣ. ವೇಗ = 0.01 ÷ 0.00001 = ಸೆಕೆಂಡಿಗೆ 1000 ಮೀಟರ್. ಉಂಗುರದ ಯಾವ ಭಾಗ ಹೆಚ್ಚು ಪ್ರಕಾಶವಾಗಿದೆಯೋ ಆ ದಿಕ್ಕಿಗೆ ಹೆಚ್ಚು ಅಣುಗಳು ಚದರಿವೆ.

ಮೊದಲಿನ ಚಿತ್ರಗಳು ಮಸುಕಾಗಿದ್ದವು. 1997ರಲ್ಲಿ ನೆದರ್ಲೆಂಡ್ಸ್‌ನ ಆಂದ್ರೆ ಎಪ್ಪಿಂಕ್ ಮತ್ತು ಡೇವಿಡ್ ಪಾರ್ಕರ್ ತಂತಿಜಾಲರಿಗಳನ್ನು ತೆಗೆದು, ನಡುವೆ ತೆರಪಿರುವ ವಿದ್ಯುದಗ್ರಗಳನ್ನು ಬಳಸಿದರು. ಇವು ಮಸೂರದಂತೆ ವರ್ತಿಸಿ, ಎಲ್ಲಿಂದಲೇ ಹೊರಟರೂ ಒಂದೇ ವೇಗ ಮತ್ತು ದಿಕ್ಕಿನ ಅಯಾನುಗಳನ್ನು ಒಂದೇ ಬಿಂದುವಿಗೆ ತರುತ್ತವೆ. ಚಿತ್ರ ಸ್ಪಷ್ಟವಾಯಿತು.

ಕ್ವಾಂಟಂ ಸಿದ್ಧಾಂತದಿಂದ ಇಂಥ ಢಿಕ್ಕಿಯ ಫಲಿತವನ್ನು ಮೊದಲೇ ಲೆಕ್ಕ ಹಾಕಬಹುದು. ಲೆಕ್ಕ ಸರಿಯೇ ತಪ್ಪೇ ಎಂಬುದನ್ನು ಪರದೆಯ ಮೇಲಿನ ಉಂಗುರ ತೀರ್ಮಾನಿಸುತ್ತದೆ. ಸರಾಸರಿಯಲ್ಲಿ ಮರೆಯಾಗುವ ತಪ್ಪು ಇಲ್ಲಿ ಮರೆಯಾಗದು.