ತ್ರಿಶಂಕು ಸ್ವರ್ಗ

ತ್ರಿಶಂಕು ಸ್ವರ್ಗವು ವಿಶ್ವಾಮಿತ್ರ ಮಹರ್ಷಿಯು ತನ್ನ ತಪೋಬಲದಿಂದ ದಕ್ಷಿಣದ ಆಕಾಶದಲ್ಲಿ ಸೃಷ್ಟಿಸಿದನೆಂದು ಪುರಾಣಗಳು ಹೇಳುವ ನಕ್ಷತ್ರಲೋಕ. ಇದರ ವಿಸ್ತೃತ ಕಥೆಯು ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿದೆ. ಖಗೋಳದಲ್ಲಿ ತ್ರಿಶಂಕುವನ್ನು ಸಾಮಾನ್ಯವಾಗಿ ದಕ್ಷಿಣ ಶಿಲುಬೆ ಅಥವಾ ಕ್ರಕ್ಸ್ ನಕ್ಷತ್ರಪುಂಜವೆಂದು ಗುರುತಿಸಲಾಗುತ್ತದೆ.

ಪೌರಾಣಿಕ ಹಿನ್ನೆಲೆ

ಇಕ್ಷ್ವಾಕು ವಂಶದ ಅರಸನಾದ ತ್ರಿಶಂಕುವು ಸಶರೀರನಾಗಿ ಸ್ವರ್ಗಕ್ಕೆ ಹೋಗಬಯಸಿದನು. ಕುಲಗುರು ವಸಿಷ್ಠನು ಇದು ಅಸಾಧ್ಯವೆಂದನು. ವಸಿಷ್ಠನ ಮಕ್ಕಳು ಅರಸನಿಗೆ ಶಾಪವಿತ್ತರು. ಆಗ ವಿಶ್ವಾಮಿತ್ರನು ಯಜ್ಞ ನಡೆಸಿ ಅವನನ್ನು ಮೇಲಕ್ಕೆ ಕಳುಹಿಸಿದನು. ಇಂದ್ರನು ಕೆಳಕ್ಕೆ ತಳ್ಳಲು, ತಲೆಕೆಳಗಾಗಿ ಬೀಳುತ್ತಿದ್ದ ಅರಸನನ್ನು ವಿಶ್ವಾಮಿತ್ರನು ನಡುವೆಯೇ ತಡೆದು ನಿಲ್ಲಿಸಿ, ದಕ್ಷಿಣದಲ್ಲಿ ಬೇರೆ ಸಪ್ತರ್ಷಿಗಳನ್ನೂ ನಕ್ಷತ್ರಮಾಲೆಯನ್ನೂ ಸೃಷ್ಟಿಸಿದನು. ಕೊನೆಗೆ ದೇವತೆಗಳು ಸಂಧಾನಕ್ಕೆ ಬಂದರು. ಹೊಸ ನಕ್ಷತ್ರಗಳು ವೈಶ್ವಾನರ ಪಥದ ಹೊರಗೆ ಶಾಶ್ವತವಾಗಿರಲಿ, ತ್ರಿಶಂಕುವು ಅವುಗಳ ನಡುವೆ ತಲೆಕೆಳಗಾಗಿಯೇ ಬೆಳಗಲಿ ಎಂದು ಒಪ್ಪಂದವಾಯಿತು. ರಾಘವಾಂಕನ ಹರಿಶ್ಚಂದ್ರಕಾವ್ಯದ ನಾಯಕನಾದ ಹರಿಶ್ಚಂದ್ರನು ಪುರಾಣಗಳ ಪ್ರಕಾರ ಈ ತ್ರಿಶಂಕುವಿನ ಮಗ.

ಆಕಾಶದಲ್ಲಿ ಸ್ಥಾನ

ಕ್ರಕ್ಸ್ ಆಧುನಿಕ ೮೮ ನಕ್ಷತ್ರಪುಂಜಗಳಲ್ಲಿ ಅತಿ ಚಿಕ್ಕದು. ಇದು ಸೂರ್ಯನ ತೋರಿಕೆಯ ಪಥದಿಂದ ಸುಮಾರು ೫೦ ಡಿಗ್ರಿ ದಕ್ಷಿಣಕ್ಕಿದೆ. ಬೆಳಗಾವಿ ಜಿಲ್ಲೆಯ ಐನಾಪುರದಿಂದ ನೋಡಿದರೆ ಮೇ ತಿಂಗಳ ಮಧ್ಯಭಾಗದಲ್ಲಿ ರಾತ್ರಿ ೯ರಿಂದ ೧೦ ಗಂಟೆಯ ನಡುವೆ ಇದು ದಕ್ಷಿಣ ದಿಗಂತದಿಂದ ಸುಮಾರು ೧೩ ಡಿಗ್ರಿ ಎತ್ತರಕ್ಕೆ ಬರುತ್ತದೆ. ಆಗ ಪುಂಜವು ನೆಟ್ಟಗೆ ನಿಂತಿದ್ದು, ಅದರ ಅತ್ಯಂತ ಪ್ರಕಾಶಮಾನ ನಕ್ಷತ್ರವಾದ ಅಕ್ರಕ್ಸ್ ಕೆಳತುದಿಯಲ್ಲಿರುತ್ತದೆ. ಅದೇ ಹೊತ್ತಿನಲ್ಲಿ ಉತ್ತರದ ಆಕಾಶದಲ್ಲಿ ಸಪ್ತರ್ಷಿ ಮಂಡಲವೂ, ಅದರಲ್ಲಿ ವಸಿಷ್ಠ ನಕ್ಷತ್ರವೂ ಎತ್ತರದಲ್ಲಿ ಕಾಣುತ್ತವೆ. ದೆಹಲಿಯಲ್ಲಿ ಕ್ರಕ್ಸ್ ದಿಗಂತಕ್ಕೆ ಅಂಟಿಕೊಂಡಿರುವುದರಿಂದ ಕಾಣುವುದು ಕಷ್ಟ. ಭೂಮಿಯ ಅಕ್ಷವು ಸುಮಾರು ೨೬,೦೦೦ ವರ್ಷಗಳಿಗೊಮ್ಮೆ ಸುತ್ತುವ ಅಯನ ಚಲನೆಯಿಂದಾಗಿ, ಎರಡು ಸಾವಿರ ವರ್ಷಗಳ ಹಿಂದೆ ಇದು ಉತ್ತರ ಭಾರತದಲ್ಲಿಯೂ ಇನ್ನಷ್ಟು ಎತ್ತರದಲ್ಲಿ ಕಾಣುತ್ತಿತ್ತು.

ಭೌತವಿಜ್ಞಾನದ ದೃಷ್ಟಿ

ಕಥೆಯ ಲೋಕವು ಎರಡು ನಿಯಮಗಳನ್ನು ಮೀರುತ್ತದೆ. ಮೊದಲನೆಯದು ಗುರುತ್ವ: ಬೀಳುವ ವಸ್ತುವನ್ನು ಆಜ್ಞೆಯಿಂದ ನಿಲ್ಲಿಸಲಾಗದು. ಸಮಭಾಜಕ ವೃತ್ತದ ಮೇಲೆ ೩೫,೭೮೬ ಕಿ.ಮೀ. ಎತ್ತರದಲ್ಲಿರುವ ಭೂಸ್ಥಿರ ಉಪಗ್ರಹವು ಕರ್ನಾಟಕದಿಂದ ದಕ್ಷಿಣದ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ತೋರುತ್ತದೆ. ವಾಸ್ತವದಲ್ಲಿ ಅದು ಸೆಕೆಂಡಿಗೆ ಸುಮಾರು ೩ ಕಿ.ಮೀ. ವೇಗದಿಂದ ಭೂಮಿಯನ್ನು ಸುತ್ತುತ್ತಾ ಸದಾ ಬೀಳುತ್ತಲೇ ಇರುತ್ತದೆ. ಇಂತಹ ಉಪಗ್ರಹಗಳನ್ನು ಹಾಸನದಲ್ಲಿರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನಿಯಂತ್ರಿಸುತ್ತದೆ.

ಎರಡನೆಯದು ಬೆಳಕಿನ ವೇಗ. ಅಕ್ರಕ್ಸ್ ಸುಮಾರು ೩೨೦ ಜ್ಯೋತಿರ್ವರ್ಷ ದೂರದಲ್ಲಿದೆ. ಅಲ್ಲಿ ಇಂದು ಹುಟ್ಟಿದ ನಕ್ಷತ್ರವು ಭೂಮಿಗೆ ಕಾಣಲು ಅಷ್ಟೇ ವರ್ಷಗಳು ಬೇಕು. ಇದೇ ಪುಂಜದ ಕೆಂಪು ದೈತ್ಯ ಗ್ಯಾಕ್ರಕ್ಸ್ ಸುಮಾರು ೮೮ ಜ್ಯೋತಿರ್ವರ್ಷ ದೂರದಲ್ಲಿದೆ. ಆದ್ದರಿಂದ ಶಿಲುಬೆಯ ನಕ್ಷತ್ರಗಳೆಲ್ಲವೂ ಒಂದೇ ವ್ಯವಸ್ಥೆಗೆ ಸೇರಿದವಲ್ಲ. ಭೂಮಿಯಿಂದ ನೋಡುವಾಗ ಮಾತ್ರ ಒಟ್ಟಾಗಿ ತೋರುತ್ತವೆ.

ಭಾಷೆಯಲ್ಲಿ ಬಳಕೆ

ಕನ್ನಡದಲ್ಲಿ ‘ತ್ರಿಶಂಕು ಸ್ವರ್ಗ’, ‘ತ್ರಿಶಂಕು ಸ್ಥಿತಿ’ ಎಂಬ ಮಾತುಗಳು ಅತ್ತಲೂ ಇಲ್ಲದ ಇತ್ತಲೂ ಇಲ್ಲದ ಅವಸ್ಥೆಯನ್ನು ಸೂಚಿಸುತ್ತವೆ. ಯಾವ ಪಕ್ಷಕ್ಕೂ ಬಹುಮತ ದೊರೆಯದ ಶಾಸನಸಭೆಯ ವರ್ಣನೆಯಲ್ಲಿಯೂ ಈ ಪದ ಬಳಕೆಯಾಗುತ್ತದೆ. ಆದರೆ ರಾಮಾಯಣದ ಕಥೆಯಲ್ಲಿ ಅದು ಅನಿಶ್ಚಿತ ತಾಣವಲ್ಲ; ಪ್ರವೇಶ ನಿರಾಕರಿಸಲ್ಪಟ್ಟವನಿಗೆ ದೇವತೆಗಳೂ ಒಪ್ಪಿ ಬಿಟ್ಟುಕೊಟ್ಟ ಶಾಶ್ವತ ಸ್ಥಾನ.